ಶಾಂಘೈ ಮಹಾನಗರಕ್ಕೆ ಹೊರಡುವ ಮುನ್ನ

ಚೀನಾ ದೇಶವೆಂದೊಡನೆ ನಮ್ಮ ಮನೆಗಳಲ್ಲಿ ಹಿರಿಯರಿಗೆ ಮೊದಲು ನೆನಪಾಗುವುದು ಕೈಲಾಸ-ಮಾನಸ ಸರೋವರ. 2020ರಿಂದ ನಿಂತುಹೋಗಿದ್ದ ಆ ಯಾತ್ರೆ 2025ರಲ್ಲಿ ಪುನಃ ಆರಂಭವಾದುದು ಭಕ್ತರೆಲ್ಲರಿಗೂ ಸಂತೋಷದ ಸಂಗತಿ. ಆದರೆ ಇಂದು ನಮ್ಮ ಸಮಾಜದ ಎಷ್ಟೋ ಕುಟುಂಬಗಳಿಗೆ ಚೀನಾ ದೇಶದ ದಾರಿ ಹಿಮಾಲಯದ ಮೇಲಿಂದಲ್ಲ, ಮಕ್ಕಳ ಉದ್ಯೋಗದ ಮೂಲಕ ತೆರೆದುಕೊಂಡಿದೆ. ನಮಗೂ ಹಾಗೆಯೇ ಆಯಿತು. ಅಳಿಯನಿಗೆ ಶಾಂಘೈ ನಗರದಲ್ಲಿ ಕೆಲಸ. ಮಗಳು ಮತ್ತು ನಾಲ್ಕು ವರ್ಷದ ಮೊಮ್ಮಗಳು ಅಲ್ಲಿಯೇ ಇದ್ದಾರೆ. "ಅಪ್ಪಾ, ಅವ್ವನ್ನ ಕರಕೊಂಡು ಒಮ್ಮೆ ಬಾ" ಎಂದು ಮಗಳು ಎರಡು ವರ್ಷ ಕರೆದಳು. ನಿವೃತ್ತ ಶಿಕ್ಷಕನಾದ ನಾನೂ, ಧಾರವಾಡದಿಂದ ಕಾಶಿ-ಶ್ರೀಶೈಲಗಳ ಹೊರತು ದೂರ ಹೋಗದ ನನ್ನ ಧರ್ಮಪತ್ನಿಯೂ 2025ರ ನವೆಂಬರ್ ತಿಂಗಳ ಆರಂಭದಲ್ಲಿ ಮೂರು ವಾರಗಳ ಮಟ್ಟಿಗೆ ಹೋಗಿಬಂದೆವು.

ಹೋಗುವ ಮೊದಲು ನಮಗೆ ತಿಳಿದಿರಬೇಕಾಗಿದ್ದ ಸಂಗತಿಗಳು ಹಲವು. ಕೆಲವನ್ನು ಮಗಳು ಹೇಳಿಕೊಟ್ಟಳು; ಕೆಲವನ್ನು ಕಷ್ಟಪಟ್ಟು ಕಲಿತೆವು; ಒಂದನ್ನಂತೂ ಕಣ್ಣೀರಿನೊಡನೆ ಕಲಿತೆವು. ಮುಂದೆ ಹೊರಡುವ ಬಂಧುಗಳಿಗೆ ಉಪಯೋಗವಾಗಲೆಂದು ಅವನ್ನು ಇಲ್ಲಿ ಬರೆದಿದ್ದೇನೆ.

ನಗರದ ಪರಿಚಯ

ಶಾಂಘೈ ಎಂದರೆ 'ಸಮುದ್ರದ ಮೇಲೆ' ಎಂದರ್ಥ. ಯಾಂಗ್‌ಟ್ಸಿ ಮಹಾನದಿ ಸಮುದ್ರವನ್ನು ಸೇರುವ ಎಡೆಯಲ್ಲಿ ಈ ನಗರ ಹಬ್ಬಿದೆ. 2020ರ ಜನಗಣತಿಯಂತೆ ಇಲ್ಲಿಯ ಜನಸಂಖ್ಯೆ ಸುಮಾರು 2 ಕೋಟಿ 48 ಲಕ್ಷ. ನಗರದ ನಡುವೆ ಹ್ವಾಂಗ್‌ಪು ನದಿ ಹರಿಯುತ್ತದೆ. ನದಿಯ ಪಶ್ಚಿಮ ಭಾಗಕ್ಕೆ ಪುಷಿ ಎಂದೂ ಪೂರ್ವ ಭಾಗಕ್ಕೆ ಪುಡಾಂಗ್ ಎಂದೂ ಹೆಸರು. ಈ ಎರಡು ಹೆಸರುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ನಗರದ ಅರ್ಧ ನಕ್ಷೆ ತಿಳಿದಂತೆಯೇ.

ಅಫೀಮು ಯುದ್ಧದ ತರುವಾಯ 1842ರಲ್ಲಿ ಆದ ನಾನ್‌ಜಿಂಗ್ ಒಪ್ಪಂದದ ಪ್ರಕಾರ ಈ ಬಂದರು 1843ರಲ್ಲಿ ಪರದೇಶದ ವ್ಯಾಪಾರಕ್ಕೆ ತೆರೆಯಿತು. ಯುದ್ಧಕ್ಕೆ ಕಾರಣವಾದ ಆ ಅಫೀಮು ಬಹುಮಟ್ಟಿಗೆ ಬ್ರಿಟಿಷರ ಆಳಿಕೆಯಲ್ಲಿದ್ದ ನಮ್ಮ ದೇಶದಿಂದಲೇ ಹಡಗು ಏರಿದ್ದೆಂಬುದನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ. ನದಿಯ ಪಶ್ಚಿಮ ದಂಡೆಯಲ್ಲಿ ಪರದೇಶದ ಬ್ಯಾಂಕುಗಳೂ ವ್ಯಾಪಾರ ಸಂಸ್ಥೆಗಳೂ ಕಟ್ಟಿದ ಕಲ್ಲಿನ ಭವ್ಯ ಕಟ್ಟಡಗಳ ಸಾಲು ಇಂದಿಗೂ ಇದೆ. ಅದನ್ನು ಬಂಡ್ ಎನ್ನುತ್ತಾರೆ. ಚೀನೀಯರು ವೈತಾನ್ ಎನ್ನುತ್ತಾರೆ. ಎದುರು ದಂಡೆಯ ಪುಡಾಂಗ್ ಭಾಗದ ಅಭಿವೃದ್ಧಿಯನ್ನು ಸರ್ಕಾರ ಘೋಷಿಸಿದ್ದು 1990ರಲ್ಲಿ. ಅಂದು ಅಲ್ಲಿ ಹೆಚ್ಚಾಗಿ ಇದ್ದುದು ಹೊಲಗಳೂ ಗೋದಾಮುಗಳೂ. ಇಂದು ಅಲ್ಲಿ 632 ಮೀಟರು ಎತ್ತರದ, 128 ಅಂತಸ್ತುಗಳ ಶಾಂಘೈ ಗೋಪುರ ನಿಂತಿದೆ. ನಮ್ಮ ಕಣ್ಣೆದುರಿನ ಕಾಲದಲ್ಲಿಯೇ ಒಂದು ನಗರ ಹೀಗೆ ಬೆಳೆದಿರುವುದು ಆಶ್ಚರ್ಯವೇ ಸರಿ.

ಕಾಗದಪತ್ರಗಳು

ಭಾರತೀಯರು ಚೀನಾ ದೇಶಕ್ಕೆ ಹೋಗಲು ಮುಂಚಿತವಾಗಿಯೇ ವೀಸಾ ಪಡೆಯಬೇಕು. ಕೆಲವು ದೇಶಗಳ ಪ್ರಜೆಗಳಿಗೆ ವೀಸಾ ಇಲ್ಲದೆ ಹತ್ತು ದಿನ ತಂಗುವ ಸವಲತ್ತು ಇದೆಯೆಂದು ಯಾರಾದರೂ ಹೇಳಿದರೆ, ಆ ಪಟ್ಟಿಯಲ್ಲಿ ನಮ್ಮ ದೇಶವಿಲ್ಲವೆಂಬುದನ್ನು ಮರೆಯಬಾರದು. ಪ್ರವಾಸಿಗರಿಗೆ 'ಎಲ್' ವರ್ಗದ ವೀಸಾ. ಅಲ್ಲಿ ಉದ್ಯೋಗದಲ್ಲಿರುವ ಮಕ್ಕಳನ್ನು ಕಾಣಲು ಹೋಗುವ ತಂದೆತಾಯಿಗಳಿಗೆ 'ಎಸ್ 2' ವರ್ಗದ ವೀಸಾ. ಎರಡನೆಯದಕ್ಕೆ ಮಕ್ಕಳ ಆಮಂತ್ರಣ ಪತ್ರ, ಅವರ ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿಯ ಪ್ರತಿ, ಸಂಬಂಧವನ್ನು ತೋರಿಸುವ ದಾಖಲೆ ಬೇಕಾಗುತ್ತವೆ.

ಇಲ್ಲಿಯೇ ನಮ್ಮವರಿಗೆ ತೊಡಕು. ಮಗಳ ಜನ್ಮ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿಗೆ 'ಅಪ್ಪ' ಎಂದು ಸೇರಿದೆ, ಪಾಸ್‌ಪೋರ್ಟಿನಲ್ಲಿ ಸೇರಿಲ್ಲ. ಒಂದರಲ್ಲಿ ಮನೆತನದ ಹೆಸರಿದೆ, ಇನ್ನೊಂದರಲ್ಲಿ ಕೇವಲ ಅಕ್ಷರವಿದೆ. ನಮಗೆ ಇದನ್ನು ಸರಿಪಡಿಸಿಕೊಳ್ಳುವುದರಲ್ಲಿಯೇ ಎರಡು ತಿಂಗಳು ಹಿಡಿಯಿತು. ಆದ್ದರಿಂದ ವಿಮಾನದ ಟಿಕೆಟನ್ನು ಕೊಳ್ಳುವ ಮೊದಲು ಎಲ್ಲ ದಾಖಲೆಗಳನ್ನು ಮುಂದೆ ಹರಡಿಕೊಂಡು ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿರಿ.

2020ರಿಂದ ನಿಂತಿದ್ದ ಭಾರತ-ಚೀನಾ ನಡುವಣ ನೇರ ವಿಮಾನ ಸಂಚಾರ 2025ರ ಅಕ್ಟೋಬರ್ ತಿಂಗಳಿನಲ್ಲಿ ಪುನಃ ತೊಡಗಿದೆ. ನಾವು ಬೆಂಗಳೂರಿನಿಂದ ಸಿಂಗಾಪುರದ ಮಾರ್ಗವಾಗಿ ಹೋದೆವು. ಆಗಮನದ ಚೀಟಿಯನ್ನು ಅಂತರ್ಜಾಲದಲ್ಲಿ ಮುಂಚಿತವಾಗಿ ತುಂಬುವ ವ್ಯವಸ್ಥೆ 2025ರ ನವೆಂಬರ್ 20ರಿಂದ ಬಂದಿದೆ. ಮಕ್ಕಳಿಂದ ಅದನ್ನು ಮನೆಯಲ್ಲಿಯೇ ತುಂಬಿಸಿಕೊಳ್ಳುವುದು ಲೇಸು.

ಇನ್ನೊಂದು ಮುಖ್ಯ ಸಂಗತಿ. ಹೋಟೆಲಿನಲ್ಲಿ ಇಳಿದುಕೊಂಡರೆ ಅವರೇ ನಿಮ್ಮ ಹೆಸರನ್ನು ಪೊಲೀಸರಲ್ಲಿ ನೋಂದಾಯಿಸುತ್ತಾರೆ. ಆದರೆ ಮಕ್ಕಳ ಮನೆಯಲ್ಲಿ ಇಳಿದುಕೊಂಡರೆ 24 ಗಂಟೆಗಳೊಳಗಾಗಿ ನೀವೇ ನೋಂದಾಯಿಸಿಕೊಳ್ಳಬೇಕು. ದಣಿದು ಬಂದಿದ್ದೇವೆ, ನಾಳೆ ನೋಡೋಣ ಎಂದು ಬಿಡುವಂತಿಲ್ಲ. ಇದು ಅಲ್ಲಿಯ ಕಾನೂನು.

ಗಂಟು ಕಟ್ಟುವಾಗ

ಬಾಣಂತನಕ್ಕೋ ಮೊಮ್ಮಕ್ಕಳನ್ನು ಕಾಣಲೋ ಹೊರಟ ನಮ್ಮ ತಾಯಂದಿರು ಬರಿಗೈಯಲ್ಲಿ ಹೋಗುವವರಲ್ಲ. ಆದರೆ ಚೀನಾ ದೇಶಕ್ಕೆ ಹಸಿ ಹಣ್ಣು-ತರಕಾರಿ, ಬೀಜ, ಗಿಡ, ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಒಯ್ಯುವುದಕ್ಕೆ ನಿಷೇಧವಿದೆ. ಮಗಳು ಮೊದಲೇ ಎಚ್ಚರಿಸಿದ್ದರಿಂದ ನಮ್ಮ ಮನೆಯವರು ಕಟ್ಟಿಟ್ಟಿದ್ದ ಪೇಢೆ, ತುಪ್ಪ, ಕರಿಬೇವಿನ ಸೊಪ್ಪು, ಹೀರೆ ಬೀಜ ಎಲ್ಲವನ್ನೂ ತೆಗೆದಿಟ್ಟರು. ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಒಯ್ದೆವು, ತೊಂದರೆಯಾಗಲಿಲ್ಲ.

ನವೆಂಬರಿನಲ್ಲಿ ಬೆಳಗಿನ ಹೊತ್ತು ಉಣ್ಣೆಯ ಬಟ್ಟೆ ಬೇಕು. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ಹೋಗಲು ಯೋಗ್ಯ ತಿಂಗಳುಗಳು. ಜೂನ್ ತಿಂಗಳಿನಲ್ಲಿ ಹಿಡಿದ ಮಳೆ ಬಿಡುವುದಿಲ್ಲ, ಜುಲೈ-ಆಗಸ್ಟ್‌ನಲ್ಲಿ ಧಗೆ, ಚಳಿಗಾಲದಲ್ಲಿ ಉಷ್ಣತೆ ಸೊನ್ನೆಯ ಸಮೀಪಕ್ಕೆ ಇಳಿಯುತ್ತದೆ. ಅಕ್ಟೋಬರ್ 1ರಿಂದ ಒಂದು ವಾರ ಅವರ ರಾಷ್ಟ್ರೀಯ ರಜೆ. ಆಗಲೂ, ಚೀನೀ ಹೊಸ ವರ್ಷದ ದಿನಗಳಲ್ಲಿಯೂ ಪ್ರಯಾಣ ಬೇಡ; ನಿಲ್ಲಲು ಸ್ಥಳವಿರುವುದಿಲ್ಲ.

ನಿತ್ಯದ ಔಷಧಿಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಿರಿ. ಮೊಬೈಲ್ ಬ್ಯಾಟರಿಯನ್ನು ತುಂಬುವ ಪವರ್ ಬ್ಯಾಂಕಿನ ಮೇಲೆ ಚೀನಾ ದೇಶದ 'ಮೂರು ಸಿ' ಮುದ್ರೆ ಇಲ್ಲದಿದ್ದರೆ 2025ರ ಜೂನ್ 28ರಿಂದ ಅಲ್ಲಿಯ ಒಳನಾಡಿನ ವಿಮಾನಗಳಲ್ಲಿ ಅದನ್ನು ಒಯ್ಯಗೊಡುವುದಿಲ್ಲ.

ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿ ಧರಿಸುವವರು ತಪಾಸಣೆಯ ಯಂತ್ರ ಸದ್ದು ಮಾಡಿದಾಗ ಗಾಬರಿಗೊಳ್ಳಬೇಕಾಗಿಲ್ಲ. 'ಇದು ನಮ್ಮ ಪೂಜೆಯ ವಸ್ತು. ನಾನೇ ತೆರೆದು ತೋರಿಸುತ್ತೇನೆ' ಎಂಬ ಮಾತನ್ನು ಮಗಳಿಂದ ಚೀನೀ ಲಿಪಿಯಲ್ಲಿ ಬರೆಯಿಸಿ ಇಟ್ಟುಕೊಂಡಿದ್ದೆವು. ಅಲ್ಲಿಯ ತರುಣಿ ಅದನ್ನು ಓದಿ, ಕೈ ಮುಟ್ಟಿಸದೆ ನೋಡಿ, ತಲೆಬಾಗಿ ಕಳುಹಿಸಿಕೊಟ್ಟಳು.

ಹಣ ಮತ್ತು ದೂರವಾಣಿ

ಅಲ್ಲಿಯ ನಾಣ್ಯ ಯುವಾನ್. ನಾವು ಹೋದಾಗ ಒಂದು ಯುವಾನಿಗೆ ಸುಮಾರು ಹನ್ನೆರಡೂವರೆ ರೂಪಾಯಿ. ತರಕಾರಿ ಮಾರುವ ಮುದುಕಿಯಿಂದ ಹಿಡಿದು ದೊಡ್ಡ ಅಂಗಡಿಯವರೆಗೆ ಎಲ್ಲರೂ ಮೊಬೈಲಿನಲ್ಲಿಯೇ ಹಣ ಪಡೆಯುತ್ತಾರೆ. ಅದಕ್ಕೆ ಅಲಿಪೇ, ವೀಚಾಟ್ ಎಂಬ ಎರಡು ವ್ಯವಸ್ಥೆಗಳಿವೆ. ಪರದೇಶದವರು ತಮ್ಮ ಅಂತರರಾಷ್ಟ್ರೀಯ ವೀಸಾ ಅಥವಾ ಮಾಸ್ಟರ್ ಕಾರ್ಡನ್ನು ಇವುಗಳಿಗೆ ಜೋಡಿಸಿಕೊಳ್ಳಬಹುದು. ಈ ಕೆಲಸವನ್ನು ಊರಿನಲ್ಲಿಯೇ ಮುಗಿಸಿರಿ. ಏಕೆಂದರೆ ಜೋಡಣೆಯ ವೇಳೆ ಬ್ಯಾಂಕಿನಿಂದ ಬರುವ ಗುಪ್ತ ಸಂಖ್ಯೆ ನಿಮ್ಮ ಊರಿನ ದೂರವಾಣಿಗೇ ಬರುತ್ತದೆ. ಕಾರ್ಡು ಪರದೇಶದಲ್ಲಿ ನಡೆಯುವಂತೆ ಬ್ಯಾಂಕಿಗೆ ತಿಳಿಸುವುದನ್ನೂ ಮರೆಯಬೇಡಿರಿ. ಆದರೂ ಕೈಯಲ್ಲಿ ಸ್ವಲ್ಪ ಚಿಲ್ಲರೆ ನೋಟುಗಳಿರಲಿ. ಸೇವಕರಿಗೆ ಭಕ್ಷೀಸು ಕೊಡುವ ರೂಢಿ ಅಲ್ಲಿಲ್ಲ.

ಗೂಗಲ್, ವಾಟ್ಸಾಪ್, ಯೂಟ್ಯೂಬ್ ಇವಾವುವೂ ಅಲ್ಲಿಯ ಅಂತರ್ಜಾಲದಲ್ಲಿ ತೆರೆಯುವುದಿಲ್ಲ. ನಮ್ಮ ದೇಶದ ಸಿಮ್ ಕಾರ್ಡಿಗೆ ರೋಮಿಂಗ್ ಸೌಲಭ್ಯ ಮಾಡಿಸಿಕೊಂಡು ಹೋದರೆ ಮಾತ್ರ ಸಾಮಾನ್ಯವಾಗಿ ಅವು ಕೆಲಸ ಮಾಡುತ್ತವೆ. ಊರಿನಲ್ಲಿರುವ ಮಗ-ಸೊಸೆಯರಿಗೆ ಇದನ್ನು ತಿಳಿಸಿಟ್ಟು ಹೋಗಿರಿ. ಇಲ್ಲದಿದ್ದರೆ ಎರಡು ದಿನ ಕರೆ ಬಾರದಿದ್ದರೆ ಅವರು ಊಟ ಬಿಡುತ್ತಾರೆ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ.

ಶಾಕಾಹಾರಿಗಳ ಊಟ

ಇದು ನಮ್ಮವರ ಮೊದಲ ಚಿಂತೆ. ಚಿಂತೆಗೆ ಕಾರಣವೂ ಇದೆ. 'ಮಾಂಸ ಬೇಡ' ಎಂದು ಹೇಳಿದರೆ ಸಾಲದು. ಅಲ್ಲಿ 'ಮಾಂಸ' ಎಂಬ ಪದವನ್ನು ಬರಿದೇ ಆಡಿದರೆ ಹಂದಿಯ ಮಾಂಸವೆಂದೇ ಅರ್ಥ. ಕೋಳಿ, ಮೀನು, ಸಿಗಡಿಗಳನ್ನು ಅವರು ಬೇರೆಯಾಗಿ ಎಣಿಸುತ್ತಾರೆ. ಬರಿಯ ಸೊಪ್ಪಿನ ಪಲ್ಯದಂತೆ ಕಂಡರೂ ಹಂದಿಯ ಕೊಬ್ಬಿನಲ್ಲಿ ಒಗ್ಗರಣೆ ಮಾಡಿರಬಹುದು. ಶಾವಿಗೆಯ ಸಾರು ಎಲುಬಿನದಾಗಿರಬಹುದು. ಆದ್ದರಿಂದ 'ಮಾಂಸ, ಕೋಳಿ, ಮೀನು, ಸಿಗಡಿ, ಮೊಟ್ಟೆ, ಪ್ರಾಣಿಯ ಕೊಬ್ಬು, ಎಲುಬಿನ ಸಾರು - ಯಾವುದೂ ಬೇಡ' ಎಂದು ಚೀನೀ ಲಿಪಿಯಲ್ಲಿ ಬರೆದ ಚೀಟಿಯನ್ನು ಇಟ್ಟುಕೊಳ್ಳಿರಿ. ಬಾಯಲ್ಲಿ ಹೇಳಲು 'ವೋ ಚ್ ಸೂ', ಅಂದರೆ 'ನಾನು ಶಾಕಾಹಾರಿ' ಎಂಬ ಒಂದು ವಾಕ್ಯವನ್ನು ಕಲಿತರೆ ಸಾಕು. ನಮ್ಮ ಮನೆಯವರು ಕಲಿತ ಚೀನೀ ಭಾಷೆ ಇಷ್ಟೇ.

ಅತ್ಯಂತ ಭರವಸೆಯ ಸ್ಥಳಗಳೆಂದರೆ ಬೌದ್ಧ ಮಂದಿರಗಳ ಭೋಜನಶಾಲೆಗಳು. ಜೇಡ್ ಬುದ್ಧ ಮಂದಿರದಲ್ಲಿ ಬರ್ಮಾ ದೇಶದಿಂದ 1882ರಲ್ಲಿ ತಂದ ಜೇಡ್ ಕಲ್ಲಿನ ಬುದ್ಧನ ಮೂರ್ತಿಗಳಿವೆ. ದರ್ಶನ ಮಾಡಿ, ಅಲ್ಲಿಯೇ ಅಣಬೆ ಹಾಕಿದ ಬಿಸಿ ಶಾವಿಗೆಯನ್ನು ಉಣ್ಣಬಹುದು. 1922ರಲ್ಲಿ ಸ್ಥಾಪನೆಯಾದ ಗಾಂಗ್‌ಡೆಲಿನ್ ಎಂಬ ಹಳೆಯ ಶಾಕಾಹಾರಿ ಉಪಾಹಾರ ಗೃಹವೂ ಪ್ರಸಿದ್ಧವಾದುದು. ಇಂಥ ಕಡೆ ಪಟ್ಟಿಯಲ್ಲಿ 'ಬಾತುಕೋಳಿ', 'ಮೀನು' ಎಂಬ ಹೆಸರುಗಳನ್ನು ಕಂಡು ಎದ್ದು ಬರಬೇಡಿರಿ. ಸೋಯಾ ಅವರೆ, ಗೋಧಿಯ ಅಂಟು, ಅಣಬೆಗಳಿಂದ ಮಾಡಿ ಆ ಆಕಾರ ಕೊಟ್ಟಿರುತ್ತಾರೆ. ನಮ್ಮ ಮನೆಯವರಿಗೆ ಮಾತ್ರ ಆ ಆಕಾರವೇ ಹಿಡಿಸಲಿಲ್ಲ; ಸೊಪ್ಪು-ಅನ್ನಗಳಲ್ಲಿಯೇ ತೃಪ್ತರಾದರು.

ನಲ್ಲಿಯ ನೀರನ್ನು ಅಲ್ಲಿ ಯಾರೂ ಹಾಗೆಯೇ ಕುಡಿಯುವುದಿಲ್ಲ. ಕಾಯಿಸಿದ ಬಿಸಿನೀರು ರೈಲು ನಿಲ್ದಾಣ, ವಿಮಾನ ನಿಲ್ದಾಣಗಳಲ್ಲಿ ಪುಕ್ಕಟೆಯಾಗಿ ದೊರೆಯುತ್ತದೆ. ಒಂದು ಫ್ಲಾಸ್ಕು ಜೊತೆಗಿದ್ದರೆ ವೃದ್ಧರಿಗೆ ಬಹಳ ಅನುಕೂಲ. ಸಾರ್ವಜನಿಕ ಶೌಚಾಲಯಗಳು ಹೇರಳವಾಗಿವೆ, ಹಣ ಕೊಡಬೇಕಾಗಿಲ್ಲ. ಕಾಗದ ಮತ್ತು ನೀರಿನ ಬಾಟಲಿ ನಿಮ್ಮ ಚೀಲದಲ್ಲಿರಲಿ.

ಸಂಚಾರ, ನಾವು ಮಾಡಿದ ತಪ್ಪು

ಪುಡಾಂಗ್ ವಿಮಾನ ನಿಲ್ದಾಣದಿಂದ ನಗರದ ಕಡೆಗೆ ಅಯಸ್ಕಾಂತದ ಬಲದಿಂದ ಹಳಿ ಮುಟ್ಟದೆ ಓಡುವ ರೈಲಿದೆ. ಸುಮಾರು 30 ಕಿಲೋಮೀಟರು ದಾರಿಯನ್ನು ಎಂಟು ನಿಮಿಷಗಳಲ್ಲಿ ಮುಗಿಸುತ್ತದೆ. ಟಿಕೆಟು 50 ಯುವಾನ್. ಅದು ಲಾಂಗ್‌ಯಾಂಗ್ ರಸ್ತೆಯ ನಿಲ್ದಾಣದವರೆಗೆ ಮಾತ್ರ; ಮುಂದೆ ಮೆಟ್ರೋ ಹಿಡಿಯಬೇಕು. ಸಾಮಾನು ಹೆಚ್ಚಿದ್ದರೆ ಅಧಿಕೃತ ಟ್ಯಾಕ್ಸಿ ಸಾಲಿನಲ್ಲಿ ನಿಲ್ಲಿರಿ. 'ಟ್ಯಾಕ್ಸಿ, ಟ್ಯಾಕ್ಸಿ' ಎಂದು ಬಾಗಿಲಲ್ಲೇ ಎದುರುಗೊಳ್ಳುವವರ ಹಿಂದೆ ಹೋಗಬೇಡಿರಿ.

ನಗರದೊಳಗೆ ಮೆಟ್ರೋಗಿಂತ ಒಳ್ಳೆಯ ವಾಹನವಿಲ್ಲ. 1993ರಲ್ಲಿ ಆರಂಭವಾದ ಇದರ ಮಾರ್ಗಗಳ ಉದ್ದ ಇಂದು 800 ಕಿಲೋಮೀಟರನ್ನು ಮೀರಿದೆ. ಕನಿಷ್ಠ ದರ 3 ಯುವಾನ್. ನಿಲ್ದಾಣಗಳ ಹೆಸರನ್ನು ಇಂಗ್ಲಿಷಿನಲ್ಲಿಯೂ ಬರೆದು, ಕೂಗಿ ಹೇಳುತ್ತಾರೆ. ಪ್ರತಿ ಮಾರ್ಗಕ್ಕೂ ಸಂಖ್ಯೆ ಮತ್ತು ಬಣ್ಣವಿದೆ. ಎರಡನೆಯ ಮಾರ್ಗ ಎರಡೂ ವಿಮಾನ ನಿಲ್ದಾಣಗಳನ್ನೂ ನಗರದ ಮಧ್ಯಭಾಗವನ್ನೂ ಮುಟ್ಟುತ್ತದೆ. ಒಳಗೆ ಹೋಗುವ ಮೊದಲು ಪ್ರತಿ ನಿಲ್ದಾಣದಲ್ಲಿಯೂ ಚೀಲಗಳ ತಪಾಸಣೆ ಇರುತ್ತದೆ.

ಇಷ್ಟೆಲ್ಲ ಅನುಕೂಲವಿದ್ದುದರಿಂದ ನಮಗೆ ಧೈರ್ಯ ಹೆಚ್ಚಾಯಿತು. ಎರಡನೆಯ ವಾರದಲ್ಲಿ ಒಂದು ದಿನ, ಮಗಳು-ಅಳಿಯ ಕೆಲಸಕ್ಕೆ ಹೋದಾಗ, ನಾವಿಬ್ಬರೇ ಹೊರಟೆವು. ನಗರದ ನಡುವಿನ ಜನತಾ ಚೌಕದ ನಿಲ್ದಾಣದಲ್ಲಿ ಮೂರು ಮಾರ್ಗಗಳು ಕೂಡುತ್ತವೆ. ಜನಸಂದಣಿ ನಮ್ಮ ಜಾತ್ರೆಯ ತೇರಿನ ದಿನದಂತೆ. ರೈಲು ಬಂದಿತು. ನಮ್ಮ ಮನೆಯವರು ಜನರ ನಡುವೆ ಒಳಗೆ ಸರಿದರು. ನಾನು ಒಬ್ಬ ಮುದುಕನಿಗೆ ದಾರಿ ಬಿಟ್ಟು ನಿಂತೆ. ಬಾಗಿಲು ಮುಚ್ಚಿತು. ಗಾಜಿನ ಆಚೆ ಅವರ ಮುಖ ಒಂದು ಕ್ಷಣ ಕಾಣಿಸಿ ಮರೆಯಾಯಿತು.

ಆಗ ನನಗೆ ಹೊಳೆದುದು ಒಂದೇ ಸಂಗತಿ. ಇಬ್ಬರ ಪಾಸ್‌ಪೋರ್ಟುಗಳು, ಹಣ, ದೂರವಾಣಿ, ಮಗಳು ಇಬ್ಬರಿಗೂ ಬೇರೆ ಬೇರೆಯಾಗಿ ಬರೆದುಕೊಟ್ಟಿದ್ದ ವಿಳಾಸದ ಚೀಟಿ - ಎಲ್ಲವೂ ನನ್ನ ಹೆಗಲ ಚೀಲದಲ್ಲಿದ್ದುವು. "ನಿನಗ್ಯಾಕ ಇದೆಲ್ಲ ಭಾರ, ನನ್ನ ಹತ್ರ ಇರಲಿ" ಎಂದು ಮೊದಲ ದಿನವೇ ತೆಗೆದಿರಿಸಿಕೊಂಡವನು ನಾನು. ಮನೆಯ ಯಜಮಾನನೆಂಬ ಭಾವನೆಯಿಂದ ಮಾಡಿದ ಆ ಕೆಲಸ ಅವರನ್ನು ಎರಡೂವರೆ ಕೋಟಿ ಜನರ ನಡುವೆ ಹೆಸರು, ವಿಳಾಸಗಳಿಲ್ಲದವರನ್ನಾಗಿ ಮಾಡಿತ್ತು.

ನಾನು ಮುಂದಿನ ರೈಲನ್ನು ಹಿಡಿದು ಮುಂದಿನ ನಿಲ್ದಾಣಕ್ಕೆ ಧಾವಿಸಿದೆ. ಅಲ್ಲಿ ಅವರಿಲ್ಲ. ಅದರ ಮುಂದಿನ ನಿಲ್ದಾಣಕ್ಕೂ ಹೋಗಿ ನೋಡಿದೆ, ಅಲ್ಲಿಯೂ ಇಲ್ಲ. ಮಗಳಿಗೆ ಕರೆ ಮಾಡಿದಾಗ ನನ್ನ ಧ್ವನಿಯೇ ಹೊರಡದಾಯಿತು. "ಅಪ್ಪಾ, ಮೊದಲು ಹತ್ತಿದ ನಿಲ್ದಾಣಕ್ಕ ಹೊಳ್ಳಿ ಹೋಗು. ಅವ್ವ ಅಲ್ಲಿಗೇ ಬಂದಿರತಾಳ" ಎಂದಳು. ಹಾಗೆಯೇ ಆಗಿತ್ತು. ನಾನು ಮುಂದಕ್ಕೆ ಹೋದ ಹೊತ್ತಿಗೆ ಅವರು ಮುಂದಿನ ನಿಲ್ದಾಣದಲ್ಲಿ ಇಳಿದು, ಎದುರು ದಿಕ್ಕಿನ ರೈಲು ಹತ್ತಿ ಹಿಂದಕ್ಕೆ ಬಂದಿದ್ದರು. ಸುಮಾರು ಮುಕ್ಕಾಲು ಗಂಟೆಯ ಬಳಿಕ ನಾನು ಹಿಂದಿರುಗಿದಾಗ ಅವರು ಒಂದು ಬೆಂಚಿನ ಮೇಲೆ ಕುಳಿತಿದ್ದರು. ಕೈಯಲ್ಲಿ ಕಾಗದದ ಲೋಟದಲ್ಲಿ ಬಿಸಿನೀರು. ಪಕ್ಕದಲ್ಲಿ ನಿಲ್ದಾಣದ ಸಮವಸ್ತ್ರ ತೊಟ್ಟ ಒಬ್ಬ ಹುಡುಗಿ.

ಆಮೇಲೆ ತಿಳಿಯಿತು. ಅವರಿಗೆ ಬರುತ್ತಿದ್ದ ಒಂದೇ ಚೀನೀ ವಾಕ್ಯವನ್ನು, 'ನಾನು ಶಾಕಾಹಾರಿ' ಎಂಬುದನ್ನು, ಆ ಹುಡುಗಿಗೆ ಹೇಳಿ ಅತ್ತಿದ್ದರು. ಆಕೆಗೆ ಅರ್ಥವಾದುದು ಮಾತಿನಿಂದಲ್ಲ, ಮುಖದಿಂದ. ನನ್ನನ್ನು ಕಂಡೊಡನೆ ನಮ್ಮ ಮನೆಯವರು, "ನೀವು ಎಲ್ಲಿ ಹೋಗಿದ್ರಿ? ನಾ ಇಲ್ಲೇ ಅದೀನಿ" ಎಂದಷ್ಟೇ ಅಂದರು. ನಾನು ಉತ್ತರ ಕೊಡಲಾರದೆ ಹೋದೆ. ಆ ಹುಡುಗಿಗೆ ಕೈಮುಗಿದೆ. ಆಕೆಯೂ ನಗುತ್ತ ನಮ್ಮಂತೆಯೇ ಕೈಮುಗಿದಳು.

ಈ ಲೇಖನದಲ್ಲಿ ಉಳಿದುದೆಲ್ಲವನ್ನು ಮರೆತರೂ ಈ ಮೂರು ಮಾತುಗಳನ್ನು ಮರೆಯಬೇಡಿರಿ. ಒಂದು: ಗಂಡ, ಹೆಂಡತಿ, ಮಕ್ಕಳು ಪ್ರತಿಯೊಬ್ಬರ ಬಳಿಯಲ್ಲಿಯೂ ಅವರವರ ಪಾಸ್‌ಪೋರ್ಟ್, ಚೀನೀ ಲಿಪಿಯಲ್ಲಿ ಬರೆದ ವಿಳಾಸ ಮತ್ತು ದೂರವಾಣಿ ಸಂಖ್ಯೆ, ಸ್ವಲ್ಪ ಹಣ ಬೇರೆ ಬೇರೆಯಾಗಿ ಇರಲೇಬೇಕು. ಎರಡು: ರೈಲಿನಲ್ಲಿ ಹೋದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲಿಯೇ ನಿಲ್ಲತಕ್ಕದ್ದು; ಹಿಂದೆ ಉಳಿದವರು ಅಲ್ಲಿಗೆ ಹೋಗತಕ್ಕದ್ದು. ಇದನ್ನು ಮನೆಯಿಂದ ಹೊರಡುವಾಗಲೇ ಮಾತಾಡಿಕೊಳ್ಳಬೇಕು. ಇಬ್ಬರೂ ಹುಡುಕಲು ಹೊರಟರೆ ಇಬ್ಬರೂ ಕಳೆದುಹೋಗುತ್ತೀರಿ. ಮೂರು: ಪೊಲೀಸರಿಗೆ 110, ಆಂಬುಲೆನ್ಸಿಗೆ 120, ಬೆಂಕಿ ಬಿದ್ದರೆ 119 - ಈ ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಳ್ಳಿರಿ. ಶಾಂಘೈ ನಗರದಲ್ಲಿ ಭಾರತದ ಕಾನ್ಸುಲ್ ಕಚೇರಿಯೂ ಇದೆ. ಅದರ ವಿಳಾಸವನ್ನು ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡಿರಿ.

ನೋಡತಕ್ಕ ಸ್ಥಳಗಳು

ಬಂಡ್ ದಂಡೆಯನ್ನು ಸಂಜೆ ನೋಡಬೇಕು. ದೀಪ ಹತ್ತಿದಾಗ ಈಚೆಯ ಹಳೆಯ ಕಟ್ಟಡಗಳೂ ಆಚೆಯ ಗಗನಚುಂಬಿ ಗೋಪುರಗಳೂ ನದಿಯ ನೀರಿನಲ್ಲಿ ಒಂದಾಗಿ ಹೊಳೆಯುತ್ತವೆ. ಪ್ರವಾಸಿಗರ ದೊಡ್ಡ ದೋಣಿಗೆ ಹೆಚ್ಚು ಹಣ ತೆರುವ ಬದಲು ಜನಸಾಮಾನ್ಯರು ನದಿ ದಾಟುವ ದೋಣಿಯನ್ನು ಹತ್ತಿದರೆ 2 ಯುವಾನಿನಲ್ಲಿ ಅದೇ ನೋಟ ದೊರೆಯುತ್ತದೆ. ಮೇಲಿನಿಂದ ನೋಡುವ ಆಸೆಯಿದ್ದವರು ಶಾಂಘೈ ಗೋಪುರದ 118ನೆಯ ಅಂತಸ್ತಿನ ವೀಕ್ಷಣಾಲಯಕ್ಕೆ ಹೋಗಬಹುದು. ಮೋಡವಿದ್ದ ದಿನ ಹೋಗಿ ಹಣ ಕಳೆಯಬೇಡಿರಿ.

ಶಾಂಘೈ ವಸ್ತುಸಂಗ್ರಹಾಲಯದಲ್ಲಿ ಪ್ರಾಚೀನ ಕಂಚಿನ ಪಾತ್ರೆಗಳ ಅಪೂರ್ವ ಸಂಗ್ರಹವಿದೆ. ಜನತಾ ಚೌಕಕ್ಕೂ ನಾನ್‌ಜಿಂಗ್ ರಸ್ತೆಗೂ ಹೋಗುವಾಗ ಒಂದು ಎಚ್ಚರಿಕೆ. ಚೆನ್ನಾಗಿ ಇಂಗ್ಲಿಷ್ ಮಾತನಾಡುವ ತರುಣ ತರುಣಿಯರು ತಾವಾಗಿಯೇ ಬಂದು, ಛಾಯಾಚಿತ್ರ ತೆಗೆಯಿರೆಂದು ಕೇಳಿ, ಬಳಿಕ ಚಹಾ ಕುಡಿಯಲು ಕರೆಯುತ್ತಾರೆ. ಹೋದರೆ ಒಂದು ಬಟ್ಟಲು ಚಹಾಕ್ಕೆ ಸಾವಿರಾರು ರೂಪಾಯಿಗಳ ಬಿಲ್ಲು ಬರುತ್ತದೆ. ನಗುತ್ತಲೇ 'ಬೇಡ' ಎಂದು ಮುಂದೆ ನಡೆಯಿರಿ.

ಆ ಚೌಕದ ಪಕ್ಕದ ಉದ್ಯಾನದಲ್ಲಿ ಶನಿವಾರ, ಭಾನುವಾರಗಳಂದು ಒಂದು ವಿಶೇಷ ಸಂತೆ ಕೂಡುತ್ತದೆ. ಮಕ್ಕಳಿಗೆ ಮದುವೆಯಾಗದ ತಂದೆತಾಯಿಗಳು ಬಿಚ್ಚಿದ ಕೊಡೆಗಳನ್ನು ನೆಲದ ಮೇಲಿಟ್ಟು, ಅವುಗಳ ಮೇಲೆ ಮಗ ಅಥವಾ ಮಗಳ ವಯಸ್ಸು, ಎತ್ತರ, ಓದು, ಸಂಬಳ, ಸ್ವಂತ ಮನೆಯ ವಿವರಗಳನ್ನು ಬರೆದ ಹಾಳೆ ಅಂಟಿಸಿ, ಪಕ್ಕದಲ್ಲಿ ಕುಳಿತಿರುತ್ತಾರೆ. ಅನೇಕ ವೇಳೆ ಮಕ್ಕಳಿಗೆ ಈ ಸಂಗತಿಯೇ ತಿಳಿದಿರುವುದಿಲ್ಲವಂತೆ. ನಮ್ಮ ಮಾಸಪತ್ರಿಕೆಗಳ ವಧು-ವರರ ಪುಟಗಳನ್ನು ಓದುವವರಿಗೆ ಅಲ್ಲಿಯ ಮುಖಗಳು ಅಪರಿಚಿತವೆನಿಸಲಾರವು. ನಮ್ಮ ಮನೆಯವರು ಅಲ್ಲಿ ಅರ್ಧ ಗಂಟೆ ನಿಂತು ನೋಡಿ, "ಎಲ್ಲಾ ಕಡೆ ಇದ ಚಿಂತಿ ನೋಡ್ರಿ" ಎಂದರು.

ಭಾರತದ ನೆನಪುಗಳೂ ಈ ನಗರದಲ್ಲಿವೆ. ಬ್ರಿಟಿಷರ ಕಾಲದಲ್ಲಿ ಇಲ್ಲಿಯ ಪೊಲೀಸು ಪಡೆಯಲ್ಲಿ ಸಿಖ್ಖರಿದ್ದರು. 1908ರಲ್ಲಿ ಕಟ್ಟಿದ ಅವರ ಗುರುದ್ವಾರದ ಕಟ್ಟಡ ಡಾಂಗ್‌ಬಾವೊಷಿಂಗ್ ರಸ್ತೆಯಲ್ಲಿದೆ. 1924ರಲ್ಲಿ ರವೀಂದ್ರನಾಥ ಠಾಕೂರರು ಈ ನಗರಕ್ಕೆ ಬಂದಿದ್ದರು. ಅವರ ಪ್ರತಿಮೆಯನ್ನು ಅಂದಿನ ನಮ್ಮ ರಾಷ್ಟ್ರಪತಿ ಶ್ರೀಮತಿ ಪ್ರತಿಭಾ ಪಾಟೀಲರು 2010ರಲ್ಲಿ ಇಲ್ಲಿ ಅನಾವರಣಗೊಳಿಸಿದರು.

ಕಾಲಾವಕಾಶವಿದ್ದರೆ ವೇಗದ ರೈಲಿನಲ್ಲಿ ಅರ್ಧ ಗಂಟೆಯ ದಾರಿಯ ಸುಝೌ, ಒಂದು ಗಂಟೆಯ ದಾರಿಯ ಹಾಂಗ್‌ಝೌ ನಗರಗಳನ್ನು ನೋಡಿಬರಬಹುದು. ಟಿಕೆಟು ಕೊಳ್ಳುವುದಕ್ಕೂ ರೈಲು ಹತ್ತುವುದಕ್ಕೂ ಪಾಸ್‌ಪೋರ್ಟೇ ಆಧಾರ.

ತಂದೆಗಾಗಿ ಕಟ್ಟಿದ ತೋಟ

ಕಡೆಯ ವಾರದಲ್ಲಿ ಮಗಳು ರಜೆ ಹಾಕಿ ನಮ್ಮನ್ನು ಯು ಉದ್ಯಾನಕ್ಕೆ ಕರೆದೊಯ್ದಳು. ಹಳೆಯ ಊರಿನ ನಡುವೆ, ಒಂಬತ್ತು ತಿರುವುಗಳ ಸೇತುವೆಯ ಆಚೆ ಅದು ಇದೆ. ಬೆಟ್ಟದಂತೆ ಜೋಡಿಸಿದ ಕಲ್ಲುಗಳು, ಮೀನಿನ ಕೊಳಗಳು, ಗೋಡೆಯ ಮೇಲೆ ಅಲೆಯಂತೆ ಹರಿದ ಡ್ರ್ಯಾಗನ್. ಮಿಂಗ್ ರಾಜವಂಶದ ಕಾಲದ ಪಾನ್ ಯುನ್‌ದ್ವಾನ್ ಎಂಬ ಅಧಿಕಾರಿ 1559ರಲ್ಲಿ ಇದನ್ನು ಕಟ್ಟಲು ತೊಡಗಿದನು. ತನ್ನ ವೃದ್ಧ ತಂದೆತಾಯಿಗಳು ಕಡೆಗಾಲವನ್ನು ನೆಮ್ಮದಿಯಿಂದ ಕಳೆಯಲೆಂಬುದೇ ಅವನ ಉದ್ದೇಶ. 'ಯು' ಎಂಬ ಹೆಸರಿನಲ್ಲಿಯೂ ಹಿರಿಯರಿಗೆ ಸಂತೋಷ ಕೊಡುವುದು ಎಂಬ ಅರ್ಥವಿದೆ. ಆದರೆ ಅವನನ್ನು ದೂರದ ಸೀಚ್ವಾನ್ ಪ್ರಾಂತಕ್ಕೆ ಅಧಿಕಾರಿಯಾಗಿ ಕಳುಹಿಸಲಾಯಿತು. ಕೆಲಸ ವರ್ಷಾನುಗಟ್ಟಲೆ ನಿಂತಿತು. ತೋಟ ಒಂದು ರೂಪಕ್ಕೆ ಬರುವ ಹೊತ್ತಿಗೆ ಹದಿನೆಂಟು ವರ್ಷಗಳು ಕಳೆದಿದ್ದುವು.

ಮಗಳು ಇದನ್ನು ಫಲಕದಿಂದ ಓದಿ ಹೇಳಿ ಸುಮ್ಮನಾದಳು. ಉದ್ಯೋಗಕ್ಕಾಗಿ ದೂರ ಹೋದ ಮಕ್ಕಳ ಕಥೆ ನಾಲ್ಕೂವರೆ ಶತಮಾನಗಳ ಹಿಂದೆಯೂ ಹೀಗೆಯೇ ಇತ್ತು. ನಾವು ಮೂವರೂ ಕೊಳದ ಬಳಿ ಕುಳಿತೆವು. ಮೊಮ್ಮಗಳು ಮೀನುಗಳನ್ನು ಎಣಿಸುತ್ತಿದ್ದಳು. ಆಗ ನಮ್ಮ ಮನೆಯವರು ತಮ್ಮ ಸೆರಗಿನ ಒಳಗಿನಿಂದ ಒಂದು ಸಣ್ಣ ಚೀಲವನ್ನು ತೆಗೆದು, ಅದರೊಳಗಿನ ನೋಟು ಕೊಟ್ಟು, ಮೊಮ್ಮಗಳಿಗೆ ತಾವೇ ಒಂದು ಗಾಳಿಗಿರಗಟ್ಟೆಯನ್ನು ಕೊಂಡರು. ಮೆಟ್ರೋದಲ್ಲಿ ಆದ ಘಟನೆಯ ಮರುದಿನವೇ ಅವರು ಹೊಲಿದುಕೊಂಡ ಚೀಲ ಅದು. ಅದರಲ್ಲಿ ಅವರ ಪಾಸ್‌ಪೋರ್ಟ್, ವಿಳಾಸದ ಚೀಟಿ, ಇನ್ನೂರು ಯುವಾನ್ ಇದ್ದುವು. ನಾನು ಅದನ್ನು ಕೇಳಲಿಲ್ಲ, ಅವರೂ ಕೊಡಲಿಲ್ಲ.

ಧಾರವಾಡಕ್ಕೆ ಮರಳಿದ ಮೇಲೆ ಆ ಚೀಲ ಈಗ ದೇವರ ಕೋಣೆಯ ಗೂಟಕ್ಕೆ ತೂಗುತ್ತಿದೆ. ಮುಂದಿನ ವರ್ಷ ಮೊಮ್ಮಗಳ ಶಾಲೆ ಆರಂಭವಾಗುವ ವೇಳೆಗೆ ಮತ್ತೆ ಹೋಗಬೇಕೆಂದು ಮೊದಲು ಮಾತೆತ್ತಿದವರು ಅವರೇ. ಮಕ್ಕಳು ಕರೆದಾಗ ಅಂಜಿ ಹಿಂದೆಗೆಯದಿರಿ. ಕಾಗದಪತ್ರ ಸರಿಯಾಗಿರಲಿ, ಚೀಟಿ ಪ್ರತಿಯೊಬ್ಬರ ಬಳಿಯಿರಲಿ, ಊಟದಲ್ಲಿ ಎಚ್ಚರವಿರಲಿ. ಮಿಕ್ಕುದನ್ನು, ಬಿಸಿನೀರಿನ ಲೋಟ ಹಿಡಿದು ಪಕ್ಕದಲ್ಲಿ ಕುಳಿತುಕೊಳ್ಳುವ ಯಾರೋ ಒಬ್ಬರು ನೋಡಿಕೊಳ್ಳುತ್ತಾರೆ.